ಅಂಟು

ಒಂದು ಪಾಲು ಗೋಧಿಹಿಟ್ಟು, ಎಂಟು ಪಾಲು ನೀರು,
ಇಲಿ ಮುಟ್ಟದಿರಲೆಂದು ಚಿಟಿಕೆ ಪಟಿಕ.
ಕೈಬಿಡದೆ ತಿರುವಬೇಕು, ಬಿಟ್ಟರೆ ಗಂಟು.
ನನ್ನಮ್ಮ ಗೆಂಗ್ ಷೂಫೆನ್‌ಗೆ ಅಕ್ಷರ ಬಾರದು,
ಗಂಟಿಲ್ಲದ ಅಂಟು ಬರುತ್ತಿತ್ತು.
ಅರವತ್ತಾರರ ಬೇಸಿಗೆಯಲ್ಲಿ, ಹಾನ್ ನದಿಯ ದಡದ
ಮೂರನೇ ನಂಬರಿನ ನೂಲಿನ ಗಿರಣಿಗೆ
ಅಷ್ಟೇ ಸಾಕಿತ್ತು.

ಊಟದ ಮನೆಯ ದೊಡ್ಡ ಬಾಣಲೆ ಅನ್ನ ಮರೆಯಿತು.
ನಮಗೆ ಚೀಟಿ ನೋಡಿ ತೂಗಿ ಕೊಡುವ ಹಿಟ್ಟು
ಗೋಡೆಗೆ ಮೂಟೆಗಟ್ಟಲೆ.
ನಾನು ಬಕೀಟು ಹಿಡಿಯುವವಳು. ಹನ್ನೊಂದು ವರ್ಷ.
ಅಮ್ಮ ಅತ್ತ ತಿರುಗಿದಾಗ ಬೆರಳದ್ದಿ ನೆಕ್ಕುತ್ತಿದ್ದೆ.
ಕ್ರಾಂತಿಯ ರುಚಿ ಹೇಗಿತ್ತೆಂದು ಕೇಳಿದರೆ ಹೇಳಬಲ್ಲೆ:
ಬೆಚ್ಚಗೆ, ಸಪ್ಪೆ, ಕೊನೆಗೆ ಪಟಿಕದ ಒಗರು.

ಮೊದಲು ಗೋಡೆಗೆ ಬಂದವನು ಕಾರ್ಯದರ್ಶಿ ಚೂ.
ಆಳೆತ್ತರದ ಅಕ್ಷರ, ಹೆಸರಿನ ಮೇಲೆ ಕೆಂಪು ಕತ್ತರಿಗೆರೆ.
ಬರೆದವನು ನೇಯ್ಗೆ ವಿಭಾಗದ ಲಿಯಾವ್ ಪೆಯ್‌ವೆನ್.
ಚಳಿಗಾಲಕ್ಕೆ ಚೂ ಕುರ್ಚಿಯಲ್ಲಿ ಲಿಯಾವ್.
ಬಾಗಿಲ ಬೋರ್ಡು ಬದಲಾಯಿತು, ಚಹಾದ ಮಗ್ಗು ಅದೇ,
ಮುಚ್ಚಳ ಕೂಡ ಅದೇ.
ಪೀಚ್ ಹೂ ಬಿಡುವ ಹೊತ್ತಿಗೆ ಲಿಯಾವ್ ಗೋಡೆಯ ಮೇಲೆ.
ಅವನನ್ನು ಏರಿಸಿದವರು ಬಣ್ಣದ ವಿಭಾಗದವರು,
ಆಮೇಲೆ ಅವರೇ ಎರಡು ದಂಡು,
ತಮ್ಮದೇ ಅಸಲಿ ಕೆಂಪೆಂದು
ಗೋದಾಮಿನಲ್ಲಿ ಸಲಾಕೆ ಹಿಡಿದು ಬಡಿದಾಡಿದರು.
ಬಣ್ಣ ಕಾಯಿಸುವವರು
ಕೆಂಪಿಗಲ್ಲದೆ ಇನ್ಯಾವುದಕ್ಕೆ ಜಗಳವಾಡಬೇಕು?

ಗೋಡೆಗೂ ಕಿವಿಯಿದೆ ಅನ್ನುತ್ತಾರೆ.
ನಮ್ಮ ಗೋಡೆಗೆ ಬಾಯಿತ್ತು.
ದಿನಕ್ಕೊಂದು ಪದರ ದಪ್ಪವಾಗಿ
ಕಿಟಕಿಗಳು ಒಳಗೊಳಗೆ ಸರಿದವು, ಮುದುಕರ ಕಣ್ಣಿನಂತೆ.
ಅಮ್ಮನಿಗೆ ಎಲ್ಲ ಹಾಳೆಯೂ ಒಂದೇ:
ಕಪ್ಪು ಗೆರೆ, ಒದ್ದೆ ಕಾಗದ,
ನಡುವಿನಿಂದ ಅಂಚಿಗೆ ಅಂಗೈಯಲ್ಲಿ ಸವರುವುದು.

ಮೇ ತಿಂಗಳ ಒಂದು ಬೆಳಿಗ್ಗೆ
ಸುರುಳಿ ಬಿಚ್ಚಿದೆ. ಏಳು ಅಕ್ಷರ.
ಮೊದಲ ಮೂರು ಅಪ್ಪ: ಮೆಂಗ್ ಝಾವ್ಲಿನ್,
ಲೆಕ್ಕದ ಗುಮಾಸ್ತ, ಲಿಯಾವ್ ಹೇಳಿದಲ್ಲಿ ಸಹಿ ಹಾಕಿದವನು.
ಉಳಿದ ನಾಲ್ಕನ್ನು ಇವತ್ತಿಗೂ ಬಾಯಿಬಿಟ್ಟು ಓದಲಾರೆ.

ಅಮ್ಮ ಕೈಚಾಚಿದಳು: "ತಾರೇ, ಅಂಟು ಒಣಗುತ್ತೆ."
ಸುತ್ತ ಜನ ನಿಂತಿದ್ದರು. ಯಾರೂ ಕೆಮ್ಮಲಿಲ್ಲ.
ಓದು ಬಲ್ಲವರೆಲ್ಲ ಆ ಗಳಿಗೆ ನಿರಕ್ಷರಿಗಳು.

ಕೊಟ್ಟೆ.

ಗಂಡನ ಹೆಸರನ್ನು ಅವಳು ನಡುವಿನಿಂದ ಅಂಚಿಗೆ
ಒಂದು ಗುಳ್ಳೆಯೂ ಉಳಿಯದಂತೆ ಸವರಿದಳು.
ಮೇಲಿನ ಮೂಲೆ ಏಳುತ್ತಿತ್ತು.
ಅದರ ಮೇಲೆ ಅಂಗೈಯಿಟ್ಟು ನಿಂತಳು ತುಸು ಹೊತ್ತು,
ಜ್ವರ ನೋಡುವ ಹಾಗೆ.

ಆ ರಾತ್ರಿ ಅಪ್ಪನನ್ನು ಗೋದಾಮಿಗೆ ಒಯ್ದರು.
ತಿರುಗಿ ಬಂದದ್ದು ಕನ್ನಡಕದ ಡಬ್ಬಿ,
ಒಳಗೆ ಬಳಸದೆ ಉಳಿದ ಊಟದ ಚೀಟಿ ನಾಲ್ಕು.

ಎಪ್ಪತ್ತೊಂಬತ್ತರಲ್ಲಿ ಗೋಡೆ ಕೆರೆಯಲು ಹುಕುಮು ಬಂತು.
ಹಚ್ಚಿದವಳೇ ಬಿಡಿಸಲಿ ಅಂದರು.
ಬಿಸಿನೀರು, ಮೊಂಡು ತಗಡು, ಮಂಡಿನೋವಿನ ಅಮ್ಮ.
ಹಾಳೆ ಹಾಳೆಯಾಗಿ ಬರಲಿಲ್ಲ ಅದು. ಹಲಗೆಯಾಗಿ ಬಂತು:
ಚೂ ಎದೆಗೆ ಲಿಯಾವ್ ಬೆನ್ನು,
ಲಿಯಾವ್ ಎದೆಗೆ ಅಪ್ಪ,
ಅಪ್ಪನನ್ನು ಬರೆದವನು ಅಪ್ಪನಿಗೇ ಕಚ್ಚಿಕೊಂಡು.
ಬದುಕಿದ್ದಾಗ ಒಂದು ಬೆಂಚಿನಲ್ಲಿ ಕೂರದವರು.
ಅಂಟು ನಂಟು ಅಂದರೆ ಇದೇ ಇರಬೇಕು.
ರದ್ದಿಯವನು ತೂಗಿದ: ಇನ್ನೂರ ಹದಿನಾಲ್ಕು ಜಿನ್.
ಒದ್ದೆಯಿದೆ ಅಂತ ಹತ್ತು ಕಳೆದ.

ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ.
ಆಸ್ಪತ್ರೆಯ ಕೊನೆಯ ವಾರ, ಗಂಜಿ ತಿನ್ನಿಸುವಾಗ,
ಚಮಚ ದೂರ ಸರಿಸಿ ಅಂದಳು:
"ಆವತ್ತು ನಿನ್ನ ಕೈಯಲ್ಲಿ ಬಕೀಟು ನಡುಗುತ್ತಿತ್ತು.
ಚಳಿಯೇನೋ ಅಂದುಕೊಂಡೆ."

ಚಳಿಯೇ ಅಮ್ಮಾ, ಅಂದೆ.

ಮೇ ತಿಂಗಳು.